ಉರುಳೆ ಹಸಿದ ಮಧ್ಯಾಹ್ನ

ನಾನು ಚಿಕ್ಕವಳಿದ್ದಾಗ, ಹೊಲಗಳಿಂದ ಹತ್ತಿ ಬಂಡಿಗಳು ಸಾಲುಗಟ್ಟಿ ಆದೋನಿಗೆ ಬರುತ್ತಿದ್ದ ಕಾಲದಲ್ಲಿ, ಒಂದು ದಿನ ಮಧ್ಯಾಹ್ನ ಎರಡೂವರೆಗೆ ನಮ್ಮ ಜಿನ್ನಿನ ಹೆಂಗಸರೆಲ್ಲ ಒಟ್ಟಿಗೆ ಕೈಗಳನ್ನು ಮಡಿಲಲ್ಲಿಟ್ಟು ಸುಮ್ಮನೆ ಕುಳಿತುಬಿಟ್ಟರು. ಕೆಟ್ಟದ್ದು ಶುರುವಾದದ್ದು ಆಗಲೇ. ಈಗಲೂ ಊಟವಾದ ಮೇಲೆ ನೀವೆಲ್ಲ ಮಲಗಿದಾಗ ನಾನೊಬ್ಬಳು ಗೋಡೆ ಗಡಿಯಾರ ನೋಡುತ್ತ ಕುಳಿತಿರುತ್ತೇನೆ. ಅಜ್ಜಿ ಯಾಕೆ ಮಲಗುವುದಿಲ್ಲ ಎಂದು ನೀವು ಕೇಳಿದಾಗಲೆಲ್ಲ, ಎರಡೂವರೆ ದಾಟಲಿ ಎಂದಷ್ಟೇ ಹೇಳಿದ್ದೇನೆ. ಇವತ್ತು ಪೂರ್ತಿ ಹೇಳುತ್ತೇನೆ, ಕೇಳಿ.

ಜಿನ್ನು ಎಂದರೆ ಹತ್ತಿಯಿಂದ ಕಾಳು ಬಿಡಿಸುವ ಕಾರ್ಖಾನೆ. ನಮ್ಮೂರಿನಲ್ಲಿ ಅಂಥವು ಬೇಕಾದಷ್ಟಿದ್ದವು. ಉದ್ದನೆಯ ತಗಡಿನ ಛಾವಣಿ, ಅದರ ಕೆಳಗೆ ಯಂತ್ರಗಳ ಸಾಲು. ಒಂದೊಂದು ಯಂತ್ರದಲ್ಲೂ ತೊಗಲು ಸುತ್ತಿದ ದಪ್ಪ ಉರುಳೆ, ಅದಕ್ಕೆ ಒತ್ತಿಕೊಂಡಂತೆ ಒಂದು ಉಕ್ಕಿನ ಅಲಗು. ಯಂತ್ರದ ಮುಂದಿನ ಕಟ್ಟೆಯ ಮೇಲೆ ನಿಂತು ಹೆಂಗಸರು ಹಿಡಿ ಹಿಡಿ ಹತ್ತಿ ಹಾಕುತ್ತಿದ್ದರು. ಉರುಳೆ ಬಿಳಿಯ ಅರಳೆಯನ್ನು ಎಳೆದು ಆ ಕಡೆ ಚೆಲ್ಲುತ್ತಿತ್ತು, ಕಾಳು ಟಪಟಪನೆ ಕೆಳಗೆ ಉದುರುತ್ತಿತ್ತು. ಎಲ್ಲ ಯಂತ್ರಗಳನ್ನೂ ಪಕ್ಕದ ಕೋಣೆಯ ಒಂದೇ ಇಂಜಿನ್ನು ತಿರುಗಿಸುತ್ತಿತ್ತು. ಅದನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಇಂಜಿನ್ ತಾತ ಎನ್ನುತ್ತಿದ್ದರು. ಅವನ ಕೋಣೆಯ ಗೋಡೆಯಲ್ಲಿ ಒಂದು ಕಿಟಕಿ ಇತ್ತು. ಅದರಿಂದ ಯಂತ್ರಗಳ ಸಾಲು ಪೂರ್ತಿ ಕಾಣುತ್ತಿತ್ತು.

ಆ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ಕೇಳುತ್ತಿರಲಿಲ್ಲ. ಜತೆಗೆ ಧೂಳಿಗೆ ಹೆದರಿ ಎಲ್ಲರೂ ಸೆರಗಿನಿಂದ ಬಾಯಿ ಕಟ್ಟಿಕೊಂಡಿರುತ್ತಿದ್ದರು. ಹಾಗಾಗಿ ಜಿನ್ನಿನಲ್ಲಿ ಮಾತೆಲ್ಲ ಕೈಯಲ್ಲೇ. ಗದ್ದ ಸವರಿಕೊಂಡರೆ ಮೇಸ್ತ್ರಿ ಬಂದ ಎಂದರ್ಥ. ಎರಡು ಬೆರಳು ತುಟಿಗಿಟ್ಟರೆ ನೀರು. ಅಂಗೈ ಬಿಡಿಸಿ ಗಾಳಿಯಲ್ಲಿ ಸುತ್ತಿಸಿದರೆ ‘ಇಂಜಿನ್ನು ಓಡಲಿ’, ಮುಷ್ಟಿ ಬಿಗಿದು ಎತ್ತಿದರೆ ‘ನಿಲ್ಲಿಸು’. ಆದರೆ ಆ ಕೊನೆಯ ಎರಡನ್ನು ಯಾರು ತೋರಿಸಿದರೂ ತಾತ ಕೇಳುವಂತಿರಲಿಲ್ಲ. ಅದು ಮೇಸ್ತ್ರಿಯ ಕೈಗೆ, ಇಲ್ಲವೇ ಜಿನ್ನಿನ ಒಡೆಯ ಸಾವ್ಕಾರನ ಕೈಗೆ ಮಾತ್ರ ಇದ್ದ ಅಧಿಕಾರ.

ನಮ್ಮ ಅಪ್ಪ ಅದೇ ಜಿನ್ನಿನಲ್ಲಿ ಹಮಾಲ. ಅರಳೆಯನ್ನು ಒತ್ತಿ ಕಟ್ಟಿದ ಅಂಡಿಗೆಗಳನ್ನು ಹೊರುತ್ತಿದ್ದ. ಅಕ್ಕ ಉರುಳೆಗೆ ಹತ್ತಿ ಹಾಕುತ್ತಿದ್ದಳು. ಆಕೆಯ ಗಂಡ ಲಾರಿಯ ಮೇಲೆ ದೂರದ ಊರುಗಳಲ್ಲಿರುತ್ತಿದ್ದ, ಅಕ್ಕ ಕೂಸಿನ ಜತೆ ನಮ್ಮ ಮನೆಯಲ್ಲೇ ಇದ್ದಳು. ಅವ್ವ ಮೊದಲು ಜಿನ್ನಿಗೆ ಹೋಗಿ ಹೋಗಿ ಕೆಮ್ಮು ಹಿಡಿಸಿಕೊಂಡು ಮನೆಯಲ್ಲಿ ಕುಳಿತವಳು. ನಾನು ಬೆಳಿಗ್ಗೆ ಶಾಲೆಗೆ ಹೋಗಿ, ಮಧ್ಯಾಹ್ನ ರೊಟ್ಟಿಯ ಗಂಟು ಹೊತ್ತುಕೊಂಡು ಜಿನ್ನಿಗೆ ಬರುತ್ತಿದ್ದೆ. ಅಲ್ಲಿ ಅರಳೆ ಕೋಣೆಯ ಬಾಗಿಲ ಪಕ್ಕದ ಕಂಬಗಳಿಗೆ ತಾಯಂದಿರು ಹಳೇ ಸೀರೆಯ ಜೋಲಿ ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದರು. ಜೋಲಿಗಳನ್ನು ತೂಗುವುದು ನನ್ನ ಕೆಲಸ. ಸಂಜೆಯ ಹೊತ್ತಿಗೆ ಕೂಸುಗಳ ರೆಪ್ಪೆ, ಮೂಗಿನ ಹೊಳ್ಳೆಗಳಲ್ಲೆಲ್ಲ ಬಿಳಿ ನೂಲು ಕೂತಿರುತ್ತಿತ್ತು.

ಪೇಟೆಯ ಹಮಾಲರು ಅಷ್ಟರಲ್ಲಾಗಲೇ ಸಂಘ ಕಟ್ಟಿದ್ದರು. ಅವರನ್ನು ನೋಡಿ ಅಪ್ಪನೂ ನಮ್ಮ ಜಿನ್ನಿನ ಹಮಾಲರನ್ನು ಕೂಡಿಸತೊಡಗಿದ. ಒಂದು ಸಂಜೆ ಅಕ್ಕ ರೊಟ್ಟಿ ಬಡಿಯುತ್ತ, “ನಮ್ಮನ್ನೂ ಸೇರಿಸ್ಕೋರಿ” ಎಂದಳು. ಅಪ್ಪ ನಕ್ಕ. “ಹೆಂಗಸರದೊಂದು ಸಂಘ ಕಟ್ಟಿದ್ರ, ಅದರೊಳಗಿನ ಜಗಳ ಬಿಡಸಾಕ ಇನ್ನೊಂದು ಸಂಘ ಬೇಕಾಗತೈತಿ ನೋಡವಾ.”

ಅಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. “ಅಂಡಿಗಿ ಹೊರೋ ನಿಮಗ ಸಂಘ ಬೇಕು. ದಿನಾ ಧೂಳು ನುಂಗೋ ನಮಗ ಬ್ಯಾಡಾ? ಅವ್ವನ ಕೆಮ್ಮು ಕೇಳಿಸ್ತೈತಿಲ್ಲೋ ನಿನಗ? ನಾಳಿ ನನ್ನ ಕೂಸೂ ಹಂಗ ಕೆಮ್ಮತೈತಿ.”

ಅಪ್ಪ ಮತ್ತೆ ನಗಲಿಲ್ಲ.

ಹೆಂಗಸರು ಕೇಳಿದ್ದು ದೊಡ್ಡದೇನಲ್ಲ. ಕೂಸುಗಳ ಜೋಲಿಯನ್ನು ಅರಳೆ ಕೋಣೆಯಿಂದ ದೂರ, ಗಾಳಿ ಆಡುವ ಕಡೆ ಕಟ್ಟಲು ಒಂದು ಚಪ್ಪರ ಬೇಕು. ಮೇಸ್ತ್ರಿಗೆ ಹೇಳಿದರೆ, ಕೂಸು ಬೇಕಾದವರು ಮನೆಯಲ್ಲಿರಲಿ ಎಂದ. ಗೇಟಿನ ಹೊರಗೆ ಕುಳಿತು ಸ್ಟ್ರೈಕ್ ಮಾಡುವಂತಿರಲಿಲ್ಲ, ಪೆದ್ದಹರಿವಾಣಂ ಕಡೆಯಿಂದ ಕೆಲಸ ಹುಡುಕಿ ಬಂದವರು ಬೆಳಗಾದರೆ ಗೇಟಿಗೆ ಆತು ನಿಂತಿರುತ್ತಿದ್ದರು. ನಾವು ಎದ್ದು ಹೊರಗೆ ಬಂದರೆ ಅವರು ಒಳಗೆ ಹೋಗುವರು. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದಳು. ಎದ್ದು ಹೋಗುವುದೇ ಬೇಡ. ಸಾವ್ಕಾರ ಬಂದಾಗ ಅವರವರ ಯಂತ್ರದ ಮುಂದೆಯೇ ಕೈಕಟ್ಟಿ ಕೂತುಬಿಡುವುದು. ಈ ಮಾತು ಕೈಯಿಂದ ಕೈಗೆ ಹೋಗಿ, ಮೇಸ್ತ್ರಿಯ ಬೆನ್ನ ಹಿಂದೆಯೇ ಸಾಲಿನ ಈ ತುದಿಯಿಂದ ಆ ತುದಿ ಮುಟ್ಟಿತು. ಇಂಜಿನ್ ತಾತನಿಗೆ ಮಾತ್ರ ಯಾರೂ ಹೇಳಲಿಲ್ಲ. ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ.

ಈಗ ನಾನು ಹೇಳುವುದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಮೇಸ್ತ್ರಿಗೆ ಒಂದು ಮಾತು ಬಾಯಿಪಾಠವಾಗಿತ್ತು. ಯಾರಾದರೂ ಒಂದು ಗಳಿಗೆ ಕೈ ನಿಲ್ಲಿಸಿದರೆ ಸಾಕು, “ಉರುಳಿ ಹಸೀಬಾರದು, ಹಸದ್ರ ಬೆಂಕಿ ಉಗುಳತೈತಿ!” ಎಂದು ಚೀರುತ್ತಿದ್ದ. ಹೆಂಗಸರು ಅದನ್ನು ನಂಬುತ್ತಿರಲಿಲ್ಲ. ಮಕ್ಕಳನ್ನು ಗುಮ್ಮನ ಹೆಸರು ಹೇಳಿ ಮಲಗಿಸುವಂತೆ, ಬೆಂಕಿಯ ಹೆಸರು ಹೇಳಿ ನಮ್ಮ ಕೈಯಿಂದ ಕೆಲಸ ತೆಗೆಯುತ್ತಾನೆ ಎಂದುಕೊಂಡಿದ್ದರು. ಉರುಳೆ ಖಾಲಿ ತಿರುಗಿದರೆ ಏನಾಗುತ್ತದೆ ಎಂದು ಅವರಲ್ಲಿ ಯಾರೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಒಬ್ಬಳು ನೀರಿಗೆ ಹೋದರೆ ಪಕ್ಕದವಳು ಎರಡೂ ಉರುಳೆಗೆ ಹತ್ತಿ ಹಾಕುತ್ತಿದ್ದಳು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಅವುಗಳನ್ನು ಖಾಲಿ ಬಿಟ್ಟವರಲ್ಲ.

ಆ ಮಧ್ಯಾಹ್ನ ಸಾವ್ಕಾರನ ಜೀಪು ಗೇಟಿನೊಳಗೆ ಬಂತು. ಸಾವ್ಕಾರ ಮೂಗಿಗೆ ಕರವಸ್ತ್ರ ಹಿಡಿದು ಒಳಗೆ ಕಾಲಿಟ್ಟ. ಅಕ್ಕ ಕೈಯಲ್ಲಿದ್ದ ಹತ್ತಿಯನ್ನು ಬುಟ್ಟಿಗೆ ಹಾಕಿ ಕಟ್ಟೆಯ ಮೇಲೆ ಕುಳಿತಳು. ಪಕ್ಕದ ಯಂತ್ರದ ಖಾಲಾ, ಅಂದರೆ ನಾವೆಲ್ಲ ಚಿಕ್ಕಮ್ಮನೆಂದು ಹಾಗೆ ಕರೆಯುತ್ತಿದ್ದ ಮುಸ್ಲಿಂ ಹೆಂಗಸು, ಕುಳಿತಳು. ಆಮೇಲೆ ಗಾಳಿಗೆ ಜೋಳದ ಬೆಳೆ ಬಾಗಿದಂತೆ ಸಾಲು ಪೂರ್ತಿ ಕುಳಿತಿತು. ನಾನು ಜೋಲಿಯ ಹಗ್ಗ ಹಿಡಿದುಕೊಂಡು ನೋಡುತ್ತಿದ್ದೆ. ನನಗೆ ನಗು ಬರುತ್ತಿತ್ತು. ಅವತ್ತು ನಾನು ನಕ್ಕದ್ದು ಅದೇ ಕೊನೆ.

ಮೇಸ್ತ್ರಿ ಓಡಿ ಬಂದ. ಬಾಯಿ ಆಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಉರುಳೆ ಹಸಿಯುತ್ತದೆ ಎನ್ನುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತು. ಸೆರಗಿನ ಹಿಂದೆ ಅವರ ಕಣ್ಣುಗಳು ನಕ್ಕವು. ಆಗ ಆತ ತಾನೇ ಬುಟ್ಟಿಯಿಂದ ಹತ್ತಿ ಬಾಚಿ ಒಂದು ಉರುಳೆಗೆ ಹಾಕಿದ, ಪಕ್ಕದ್ದಕ್ಕೆ ಓಡಿದ, ಅಲ್ಲಿಂದ ಮತ್ತೊಂದಕ್ಕೆ. ಪಂಚೆ ಕಾಲಿಗೆ ತೊಡರುತ್ತಿತ್ತು. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಮೊದಲಿನವು ಖಾಲಿಯಾಗಿರುತ್ತಿದ್ದವು. ಇಂಜಿನ್ನು ನಿಲ್ಲಿಸಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಸಾವ್ಕಾರನ ಎದುರು ನಿಲ್ಲಿಸಿದರೆ ಹೆಂಗಸರು ಗೆದ್ದಂತೆ ಎಂದು ಅವನಿಗೆ ಅನ್ನಿಸಿರಬೇಕು.

ಮೊದಲು ಬಂದದ್ದು ವಾಸನೆ. ಕೂದಲು ಸುಟ್ಟಂಥ ವಾಸನೆ. ಉರುಳೆಯ ತೊಗಲು ಅಲಗಿಗೆ ತಿಕ್ಕಿ ತಿಕ್ಕಿ ಕಾಯುತ್ತಿತ್ತು. ಮುಂದೆ ನಾನು ಕಾಲೇಜು ಸೇರಿದಾಗ ಒಬ್ಬ ಮೇಷ್ಟರು ಘರ್ಷಣೆಯ ಪಾಠ ಮಾಡುತ್ತ ಎರಡು ಅಂಗೈಗಳನ್ನು ಉಜ್ಜಿ ತೋರಿಸಿದರು. ನಾನು ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಿದ್ದೆ. ಅವರು ಆರೋಗ್ಯ ಸರಿಯಿಲ್ಲವೇ ಎಂದು ಕೇಳಿದರು.

ಅಕ್ಕನ ಯಂತ್ರದ ಹಿಂದಿನಿಂದ ತೆಳ್ಳಗೆ ಹೊಗೆ ಎದ್ದಿತು. ಅಕ್ಕ ತಟ್ಟನೆ ಎದ್ದು ಇಂಜಿನ್ ತಾತನ ಕಿಟಕಿಯತ್ತ ಮುಷ್ಟಿ ಎತ್ತಿದಳು. ಖಾಲಾ ಎತ್ತಿದಳು. ಒಂದೇ ಗಳಿಗೆಯಲ್ಲಿ ಸಾಲಿನ ಎಲ್ಲರ ಮುಷ್ಟಿಗಳೂ ಮೇಲೆ ಹೋದವು. ನಿಲ್ಲಿಸು, ನಿಲ್ಲಿಸು. ತಾತ ಕಿಟಕಿಯಲ್ಲಿ ಬಂದು ನಿಂತ. ಅವರನ್ನು ನೋಡಿದ, ಆಮೇಲೆ ಸಾವ್ಕಾರನನ್ನು ನೋಡಿದ. ಸಾವ್ಕಾರನೂ ಹುಡುಗನಾಗಿದ್ದಾಗಿನಿಂದ ಜಿನ್ನಿನಲ್ಲೇ ಬೆಳೆದವನು, ಕೈಮಾತು ಬಲ್ಲವನು. ಹೆಂಗಸರು ಹೊಸ ಆಟ ಹೂಡಿದ್ದಾರೆ ಎಂದುಕೊಂಡ. ಅವನು ನಿಂತಿದ್ದ ಜಾಗಕ್ಕೆ ಹೊಗೆ ಕಾಣುತ್ತಿರಲಿಲ್ಲವೋ, ಕಂಡರೂ ನಂಬಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಅಂಗೈ ಬಿಡಿಸಿ ಗಾಳಿಯಲ್ಲಿ ಸುತ್ತಿಸಿದ. ಓಡಲಿ.

ಇಂಜಿನ್ನು ಓಡಿತು. ಕಣ್ಣು ಮುಚ್ಚಿದರೆ ಇವತ್ತಿಗೂ ನನಗೆ ಕಾಣುವುದು ಆ ಅಂಗೈ.

ಅರಳೆಗೆ ಕಿಡಿ ಬಿದ್ದರೆ ಬೆಂಕಿ ನಡೆಯುವುದಿಲ್ಲ, ಹಾರುತ್ತದೆ. ಗಾಳಿಯಲ್ಲಿ ತೇಲುವ ನೂಲಿಗೆಲ್ಲ ಹತ್ತಿಕೊಂಡು ನಮ್ಮ ತಲೆಯ ಮೇಲಿಂದಲೇ ಅರಳೆ ಕೋಣೆಯ ಕಡೆ ಹೋಯಿತು. ಜೋಲಿಗಳಿದ್ದದ್ದು ಅಲ್ಲೇ. ನಾನು ಅಕ್ಕನ ಕೂಸನ್ನು ಎತ್ತಿಕೊಂಡೆ, ಇನ್ನೊಂದು ಕೈಯಿಂದ ಪಕ್ಕದ ಜೋಲಿಯನ್ನು ಜಗ್ಗಿದೆ, ಗಂಟು ಬಿಚ್ಚಲಿಲ್ಲ. ಅಷ್ಟರಲ್ಲಿ ತಾಯಂದಿರು ಬಂದು ಮುಗಿಬಿದ್ದರು. ಹೊಗೆಯಲ್ಲಿ ಯಾರದು ಯಾವುದು ಎಂದು ನೋಡುವಂತಿರಲಿಲ್ಲ. ಕೈಗೆ ಸಿಕ್ಕ ಕೂಸನ್ನು ಎದೆಗೊತ್ತಿಕೊಂಡು ಅಂಗಳಕ್ಕೆ ಓಡಿದರು. ಹೊರಗೆ ಹೋಗಿ ನೋಡಿದರೆ ಒಬ್ಬೊಬ್ಬಳ ಕೈಯಲ್ಲೂ ಇನ್ನೊಬ್ಬಳ ಮಗು. ಮನೆಯಲ್ಲಿ ಒಬ್ಬರ ನೀರು ಒಬ್ಬರು ಮುಟ್ಟದವರು ಕೂಡ ಒಬ್ಬರ ಕೂಸಿನ ಮೂಗನ್ನು ಇನ್ನೊಬ್ಬರು ಸೆರಗಿನಿಂದ ಒರೆಸುತ್ತ ಅಳುತ್ತಿದ್ದರು. ಖಾಲಾಳ ಮಗ ಹಣೆಗೆ ವಿಭೂತಿ ಹಚ್ಚಿದ ಒಬ್ಬ ಅಜ್ಜಿಯ ಹೆಗಲ ಮೇಲಿದ್ದ. ಎಲ್ಲ ಕೂಸುಗಳೂ ಸಿಕ್ಕವು. ಒಂದೊಂದನ್ನೂ ಮೂಸಿ, ಮುಟ್ಟಿ ನೋಡಿದರು.

ತಾತ ಸಾವ್ಕಾರನ ಅಪ್ಪಣೆಗೆ ಕಾಯದೆ ಕೊನೆಗೂ ಇಂಜಿನ್ನು ನಿಲ್ಲಿಸಿದ್ದ. ಅಪ್ಪ ಮತ್ತು ಹಮಾಲರು ಗೋಣಿಚೀಲಗಳನ್ನು ತೊಟ್ಟಿಯಲ್ಲಿ ಅದ್ದಿ ಒಳಗೆ ನುಗ್ಗಿದರು. ಉರಿಯುವ ಅರಳೆಯನ್ನು ಬರಿಗೈಯಲ್ಲೇ ಎಳೆದು ಹೊರಗೆ ಚೆಲ್ಲಿದರು. ಮೇಸ್ತ್ರಿಯೂ ಅವರ ಜತೆಗೇ ಇದ್ದ, ಅದನ್ನೂ ಹೇಳಬೇಕು. ಹೊತ್ತು ಮುಳುಗುವಷ್ಟರಲ್ಲಿ ಬೆಂಕಿ ಆರಿತು. ಅಪ್ಪ ಅಂಗೈಗಳನ್ನು ಮೇಲೆ ಮಾಡಿಕೊಂಡು ತೊಟ್ಟಿಯ ಪಕ್ಕ ಕುಳಿತಿದ್ದ, ಚರ್ಮ ಸುಲಿದು ಹೋಗಿತ್ತು. ಅಲ್ಲಿಗೇ ಪೊಲೀಸರು ಬಂದರು.

ಅಪ್ಪನ ಸೊಂಟದಲ್ಲಿ ಬೀಡಿ ಇತ್ತು. ಸಂಘ ಕಟ್ಟುವವನು ಬೇಕೆಂದೇ ಬೀಡಿ ಎಸೆದು ಜಿನ್ನು ಸುಟ್ಟ ಎಂದು ಸಾವ್ಕಾರ ದೂರು ಕೊಟ್ಟಿದ್ದ. ಅಪ್ಪನನ್ನು ಕರೆದುಕೊಂಡು ಹೋದರು. ಕರ್ನೂಲಿನ ಜೈಲಿಗೆ ಕಳಿಸುತ್ತಾರಂತೆ ಎಂದು ಓಣಿಯಲ್ಲಿ ಮಾತಾಯಿತು.

ಆಮೇಲಿನ ದಿನಗಳು ನನಗೆ ಬಿಡಿಬಿಡಿಯಾಗಿ ನೆನಪಿವೆ. ಅಂಡಿಗೆಯೊಳಗೆ ಸೇರಿದ ಬೆಂಕಿ ಹೊರಗೆ ಕಾಣದು, ದಿನಗಟ್ಟಲೆ ಒಳಗೇ ಬೇಯುತ್ತಿರುತ್ತದೆ. ಜಿನ್ನಿನ ಅಂಗಳದಿಂದ ಸುಟ್ಟ ವಾಸನೆ ನಮ್ಮ ಓಣಿಗೆ ಬರುತ್ತಲೇ ಇತ್ತು. ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಇರಲಿಲ್ಲ. ಬಾಗಿಲು ಸದ್ದಾದರೆ ಅವ್ವ ಎದ್ದು ಕೂರುತ್ತಿದ್ದಳು, ಕೂತರೆ ಕೆಮ್ಮು ಹತ್ತುತ್ತಿತ್ತು, ಕೆಮ್ಮಿಗೆ ಕೂಸು ಎದ್ದು ಅಳುತ್ತಿತ್ತು. ಅಕ್ಕ ಹಗಲೆಲ್ಲ ಮನೆಮನೆಗೆ ತಿರುಗುತ್ತಿದ್ದಳು. ಠಾಣೆಗೆ ಹೋಗಿ ನಿಜ ಹೇಳೋಣ ಬರ್ರಿ ಎಂದು ಎಲ್ಲರನ್ನೂ ಕರೆದಳು.

ಯಾರು ಬರುತ್ತಾರೆ? ನಿಜ ಹೇಳುವುದೆಂದರೆ ಉರುಳೆಯನ್ನು ಖಾಲಿ ಬಿಟ್ಟವರು ನಾವು ಎಂದು ಒಪ್ಪಿಕೊಳ್ಳುವುದು. “ನಿಮ್ಮಪ್ಪನ್ನ ಬಿಡಸಾಕ ಹೋಗಿ ನಾವೆಲ್ಲಾ ಒಳಗ ಕುಂದ್ರಬೇಕೇನ?” ಎಂದು ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, “ನೀ ಕೂಡು ಅಂದಿ, ಕೂತ್ವಿ. ಈಗ ನಡಿ ಅಂತಿ. ನಮ್ಮ ಕಾಲು ನಿನ್ನವೇನವಾ?” ಎಂದಳು. ಅಕ್ಕ ತಿರುಗಿ ಜಗಳವಾಡಲಿಲ್ಲ. ಸಂಜೆ ಮನೆಗೆ ಬಂದು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಮಾರನೆಯ ದಿನ ಮತ್ತೆ ಅವೇ ಮನೆಗಳಿಗೆ ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ಖಾಲಾ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಳು. ಹಿಂದೆ ಇಬ್ಬರು, ಅವರ ಹಿಂದೆ ಆ ಬಾಗಿಲು ಹಾಕಿಕೊಂಡಾಕೆ. “ಅವತ್ತು ನನ್ನ ಮಗನ್ನ ಎತ್ಗೊಂಡು ಹೊರಗ ಓಡಿದಾಕಿ ಯಾರ ಮಗ ಅಂತ ಕೇಳಲಿಲ್ಲ” ಎಂದಳು ಖಾಲಾ. “ನಿಮ್ಮಪ್ಪನ ಕೈ ಸುಟ್ಟೈತಿ. ನಡೀ, ಜಲ್ದಿ.”

ಕಂಕುಳಲ್ಲಿ ಕೂಸುಗಳನ್ನು ಇಟ್ಟುಕೊಂಡು ಎಲ್ಲರೂ ಠಾಣೆಯ ಅಂಗಳದಲ್ಲಿ ಹೋಗಿ ಕುಳಿತರು. ನಾನೂ ಅಕ್ಕನ ಸೆರಗು ಹಿಡಿದು ಹೋಗಿದ್ದೆ. ಇನ್‌ಸ್ಪೆಕ್ಟರು ಹೊರಗೆ ಬಂದು ತೆಲುಗಿನಲ್ಲಿ, “ಏಂದಮ್ಮಾ ಇದಿ, ಸಂತಾ?” ಎಂದು ಗದರಿದ.

“ಸಂತಿ ಆಗಿದ್ರ ಏನರ ಮಾರಾಕ ತರ್ತಿದ್ವಿ ಸಾಬ್” ಎಂದಳು ಖಾಲಾ. “ಇವು ಬರೇ ಕೂಸು.”

ಅಕ್ಕ ಎದ್ದು ನಿಂತಳು. “ಬೆಂಕಿ ಬೀಡಿಯಿಂದ ಬಂದಿಲ್ರಿ. ಉರುಳಿ ಖಾಲಿ ಬಿಟ್ಟು ಕೂತವ್ರು ನಾವು. ಬೆಂಕಿ ಬರತೈತಿ ಅಂತ ಮೇಸ್ತ್ರಿ ಹೇಳಿದ್ದ, ನಾವು ನಂಬಲಿಲ್ಲ. ಅದು ನಮ್ಮ ತಪ್ಪು. ಆದ್ರ ಹೊಗಿ ಕಂಡ ಕೂಡ್ಲೆ ಎಲ್ಲಾರೂ ಮುಷ್ಟಿ ಎತ್ತಿದ್ವಿ. ನಿಲ್ಲಸಬ್ಯಾಡ ಅಂತ ಸಾವ್ಕಾರ್ರು ಕೈ ತಿರುವಿದ್ರು. ನಮ್ಮಪ್ಪ ಆವಾಗ ಅಂಡಿಗಿ ಹತ್ರ ಇದ್ದ. ಹಿಡಿಯೋದಾದ್ರ ಎಲ್ಲಾರನ್ನೂ ಹಿಡೀರಿ.”

ಇನ್‌ಸ್ಪೆಕ್ಟರು ಇಂಜಿನ್ ತಾತನನ್ನು ಕರೆಸಿದ. ಅಷ್ಟರಲ್ಲಿ ಸಾವ್ಕಾರನೂ ಬಂದು ಕುರ್ಚಿಯಲ್ಲಿ ಕುಳಿತಿದ್ದ. ಆ ದಿನ ನೀನು ಏನು ಕಂಡೆ ಎಂದು ಕೇಳಿದರೆ, ಹೊಟ್ಟೆಯಲ್ಲಿ ಮಾತು ನಿಲ್ಲದ ತಾತನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಸಾವ್ಕಾರನನ್ನು ನೋಡಿದ, ನಮ್ಮನ್ನು ನೋಡಿದ. ಆಮೇಲೆ ನಿಧಾನವಾಗಿ ಬಲಗೈ ಎತ್ತಿ, ಅಂಗೈ ಬಿಡಿಸಿ, ಗಾಳಿಯಲ್ಲಿ ಒಂದು ಸುತ್ತು ಸುತ್ತಿಸಿದ. ಅಂಗಳದಲ್ಲಿದ್ದ ಹೆಂಗಸರ ಬಾಯಿಂದ ಒಟ್ಟಿಗೆ ಒಂದು ಉಸಿರು ಹೊರಟಿತು. ಸಾವ್ಕಾರ ನೆಲ ನೋಡುತ್ತಿದ್ದ.

ಸಂಜೆಗೆ ಅಪ್ಪ ಮನೆಗೆ ಬಂದ. ಸಾವ್ಕಾರ ದೂರನ್ನು ಹಿಂದಕ್ಕೆ ತೆಗೆದುಕೊಂಡಿದ್ದ. ಎಲ್ಲರನ್ನೂ ಒಳಗೆ ಹಾಕಿದರೆ ಬಂಡಿಗಟ್ಟಲೆ ಬಂದು ನಿಂತ ಹತ್ತಿಯನ್ನು ಬಿಡಿಸುವವರು ಯಾರು? ಮುಂದೆ ಹೆಂಗಸರನ್ನೂ ಸೇರಿಸಿಕೊಂಡ ಸಂಘದವರೆಲ್ಲ ಕೂಡಿ ಮಾತಾಡಿ, ಕೂಸುಗಳಿಗೆ ಬೇವಿನ ಗಿಡದ ಕಡೆ ಒಂದು ಚಪ್ಪರ ಹಾಕಿಸಿಕೊಂಡರು. ಜತೆಗೆ ಇನ್ನೊಂದನ್ನು ಹಟ ಹಿಡಿದು ಕೇಳಿದರು. ಯಂತ್ರಗಳ ಸಾಲಿನ ಮೇಲೆ ಉದ್ದಕ್ಕೂ ಒಂದು ಹಗ್ಗ ಕಟ್ಟಬೇಕು, ಅದರ ತುದಿಗೆ ಇಂಜಿನ್ ಕೋಣೆಯಲ್ಲಿ ಗಂಟೆ ಇರಬೇಕು. ಯಾವ ಹೆಂಗಸು ಜಗ್ಗಿದರೂ ತಾತ ಯಾರ ಮುಖವನ್ನೂ ನೋಡದೆ ಇಂಜಿನ್ನು ನಿಲ್ಲಿಸಬೇಕು. ಸಾವ್ಕಾರ ಒಪ್ಪಿದ. ಅಪ್ಪನನ್ನು ಮಾತ್ರ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ. ಆತನ ಕೈ ಮಾಗಿತು, ಬೆರಳುಗಳು ಪೂರ್ತಿ ಬಿಚ್ಚಲಿಲ್ಲ. ಎಣ್ಣೆ ಗಾಣವೊಂದರಲ್ಲಿ ಕಾವಲು ಕೂತ. ಅವ್ವನ ಕೆಮ್ಮೂ ಹೋಗಲಿಲ್ಲ. ಗೆದ್ದೆವೋ ಸೋತೆವೋ ಎಂದು ನೀವು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ದಣಿದಿದ್ದೆವು, ಅದು ಗೊತ್ತು.

ಹೋದ ತಿಂಗಳು ದೊಡ್ಡ ಅಂಗಡಿಗೆ ಹೋದಾಗ, ತಾನಾಗಿಯೇ ಮೇಲೇರುವ ಮೆಟ್ಟಿಲ ಬುಡದಲ್ಲಿದ್ದ ಕೆಂಪು ಗುಂಡಿಯನ್ನು ನೀವು ಒತ್ತಿಬಿಟ್ಟಿರಿ. ಮೆಟ್ಟಿಲು ನಿಂತಿತು, ಕಾವಲಿನವನು ಗದರಿದ, ನಿಮ್ಮ ಅಮ್ಮ ಕಿವಿ ಹಿಂಡಿದಳು. ನಾನು ಏನೂ ಅನ್ನಲಿಲ್ಲ ಎಂದು ನಿಮಗೆ ಆಶ್ಚರ್ಯವಾಗಿತ್ತು. ನಿಮ್ಮ ಕಾಲದಲ್ಲಿ ಯಂತ್ರ ಇದ್ದಲ್ಲೆಲ್ಲ ಅಂಥದೊಂದು ಗುಂಡಿ ಇರುತ್ತದೆ, ಮಕ್ಕಳ ಕೈಗೂ ಎಟುಕುತ್ತದೆ. ಆಟಕ್ಕೆ ಒತ್ತಬೇಡಿ. ಆದರೆ ಹೊಗೆ ಕಂಡರೆ ಯಾರ ಮುಖವನ್ನೂ ನೋಡಬೇಡಿ, ಒತ್ತಿಬಿಡಿ.

ಅಪ್ಪ ಮನೆಗೆ ಬಂದ ಮೇಲೂ ನಮಗೆ ನಿದ್ದೆ ಬಂದಿರಲಿಲ್ಲ. ಜಿನ್ನು ಮತ್ತೆ ಶುರುವಾಗಿ, ಅಕ್ಕ ಕೆಲಸಕ್ಕೆ ಹೋಗತೊಡಗಿದ ಮೇಲಂತೂ ಆಕೆ ತಿರುಗಿ ಬರುವ ತನಕ ಅಪ್ಪ ಬಾಗಿಲಲ್ಲೇ ನಿಂತಿರುತ್ತಿದ್ದ. ಒಂದು ಸಂಜೆ ಅಕ್ಕ ಬಂದು ಕೈಕಾಲು ತೊಳೆದು, ಇವತ್ತು ಒಬ್ಬಾಕೆಯ ಸೆರಗು ಯಂತ್ರ ತಿರುಗಿಸುವ ಪಟ್ಟಿಗೆ ಸಿಕ್ಕಿತ್ತು, ಪಕ್ಕದಾಕೆ ಹಗ್ಗ ಜಗ್ಗಿದಳು ಎಂದಳು.

“ನಿಂತಿತೇನ?” ಎಂದು ಅಪ್ಪ ಕೇಳಿದ.

“ನಿಂತಿತು.”

“ಯಾರೂ ಏನೂ ಅನ್ನಲಿಲ್ಲ?”

“ಮೇಸ್ತ್ರಿ ಬಂದು ಸೆರಗು ಬಿಡಿಸಿ ಕೊಟ್ಟ. ‘ಗಟ್ಟಿ ಸಿಗಿಸ್ಕೋರಿ ಯವ್ವಾ’ ಅಂದ, ಅಷ್ಟ.”

ಅಪ್ಪ ತಟ್ಟೆಯನ್ನು ಹತ್ತಿರ ಎಳೆದುಕೊಂಡ. ರೊಟ್ಟಿಯನ್ನು ಪೂರ್ತಿ ತಿಂದ. ಎದ್ದು ಹೊರಸಿನ ಮೇಲೆ ಮಲಗಿದ, ಮಲಗಿದವನೇ ಗೊರಕೆ ಹೊಡೆಯತೊಡಗಿದ. ಅವ್ವ ಬಾಗಿಲ ಅಗಳಿ ಹಾಕಿ ಆತನ ಕಾಲ ಬಳಿ ಒರಗಿದಳು. ಅಕ್ಕ ಕೂಸಿನ ಪಕ್ಕ, ನಾನು ಅಕ್ಕನ ಬೆನ್ನಿಗೆ ಅಂಟಿಕೊಂಡು ಮಲಗಿದೆ. ಅವತ್ತು ನಮ್ಮ ಮನೆಯಲ್ಲಿ ಯಾರೂ ನಡುವೆ ಏಳಲಿಲ್ಲ. ಎಚ್ಚರವಾದಾಗ ಬಿಸಿಲು ಒಳಗೆ ಬಂದು ಒಲೆಯ ತನಕ ಮುಟ್ಟಿತ್ತು, ಹಾಲಿನವಳು ಬಾಗಿಲು ಬಡಿದು ಬಡಿದು ಬೈದುಕೊಂಡು ಹೋಗಿದ್ದಳು.